ಮೆಣಸಿನ ಬಂದರಿನಲ್ಲಿ ಒಂದು ದಿನ

ಪಡುಗಡಲ ತೀರದಲ್ಲಿ ಹಳೆಯ ಬಂದರುಗಳಿಗೆ ಕೊರತೆಯಿಲ್ಲ. ಆದರೆ ಪೋರ್ಚುಗೀಸರ ಇಗರ್ಜಿ, ಡಚ್ಚರ ಸ್ಮಶಾನ, ಮಲೆಯಾಳದ ಅರಸರ ಅರಮನೆ, ಯಹೂದ್ಯರ ಪ್ರಾರ್ಥನಾಮಂದಿರ, ಕೊಂಕಣಿಗರ ದೇವಾಲಯ, ಚೀನಾ ದೇಶದ ಹೆಸರನ್ನು ಹೊತ್ತ ಮೀನುಬಲೆ, ಇವೆಲ್ಲವನ್ನೂ ಬೆಳಗಿನಿಂದ ಬೈಗಿನೊಳಗೆ, ಬಹುಮಟ್ಟಿಗೆ ಕಾಲ್ನಡಿಗೆಯಲ್ಲಿಯೇ ನೋಡಿ ಮುಗಿಸಬಹುದಾದ ಊರು ಕೊಚ್ಚಿ. 'ಅರಬ್ಬೀ ಸಮುದ್ರದ ರಾಣಿ' ಎಂಬ ಬಿರುದು ಅದಕ್ಕೆ ಬಹುಕಾಲದಿಂದ ಸಂದಿದೆ. ಈ ರಾಣಿಯ ಸಿರಿಗೆ ಮೂಲವಾದ ವಸ್ತುವಾದರೋ ಪ್ರತಿಯೊಬ್ಬ ಗೃಹಿಣಿಯ ಸಾಂಬಾರ ಬಟ್ಟಲಲ್ಲಿ ದಿನವೂ ಕಾಣುವಂಥದು: ಕರಿಯ ಕಾಳುಮೆಣಸು.

ಕೊಚ್ಚಿಯ ಹುಟ್ಟೇ ಒಂದು ಸೋಜಿಗ. ರೋಮನ್ನರ ಕಾಲದಿಂದಲೂ ಮೆಣಸಿನ ವ್ಯಾಪಾರಕ್ಕೆ ಹೆಸರಾಗಿದ್ದ ಬಂದರು ಇದಲ್ಲ. ಇದರ ಉತ್ತರಕ್ಕೆ, ಪೆರಿಯಾರ್ ನದಿಯ ಅಳಿವೆಯಲ್ಲಿದ್ದ ಮುಚಿರಿ. ಗ್ರೀಕರೂ ರೋಮನ್ನರೂ ಅದನ್ನು ಮುಜಿರಿಸ್ ಎಂದು ಕರೆದರು. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾಪೂರದಿಂದ ಅಲ್ಲಿಯ ಅಳಿವೆ ಹೂಳಿನಿಂದ ಮುಚ್ಚಿತು. ದಕ್ಷಿಣದಲ್ಲಿ ಹಿನ್ನೀರು ಕಡಲಿಗೆ ಹೊಸ ಬಾಯಿಯನ್ನು ತೆರೆದುಕೊಂಡಿತು ಎಂದು ಇತಿಹಾಸಜ್ಞರು ಹೇಳುತ್ತಾರೆ. ಆ ಬಾಯಿಯ ಬಳಿ ಬೆಳೆದ ಊರೇ ಕೊಚ್ಚಿ. ಒಂದು ಮಳೆಗಾಲ ಒಂದು ಪಟ್ಟಣವನ್ನು ಮರೆಗೆ ಸರಿಸಿ ಮತ್ತೊಂದಕ್ಕೆ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಬಂದವರಲ್ಲಿ ಕೆಲವರು ಫಿರಂಗಿ ಹಿಡಿದು ಬಂದರು, ಕೆಲವರು ಆಶ್ರಯ ಬೇಡಿ ಬಂದರು. ಯಾರು ಉಳಿದರು, ಯಾರು ಹೋದರು, ಹೋದವರು ಏನನ್ನು ಬಿಟ್ಟುಹೋದರು ಎಂಬುದನ್ನು ನೋಡುತ್ತ ನಡೆದರೆ ಕೊಚ್ಚಿಯ ಒಂದು ದಿನ ಸಾರ್ಥಕವಾಗುತ್ತದೆ.

ನೀರಿನ ಹಾದಿ

ರೈಲಿನಲ್ಲಿ ಬರುವ ಪ್ರವಾಸಿ ಇಳಿಯುವುದು ಎರ್ಣಾಕುಳದಲ್ಲಿ. ಹಳೆಯ ಕೊಚ್ಚಿಗೆ ಅಲ್ಲಿಂದ ಸೇತುವೆಗಳ ಮೇಲೆ ರಸ್ತೆಯುಂಟು. ಆದರೂ ಬಂದರೊಂದನ್ನು ನೀರಿನ ಮೇಲಿಂದಲೇ ಮೊದಲು ನೋಡಬೇಕು. ಬೆಳಗಿನ ದೋಣಿ ಹಿಡಿದರೆ ಅರ್ಧ ಗಂಟೆಯೊಳಗೆ ಫೋರ್ಟ್ ಕೊಚ್ಚಿಯ ಕಟ್ಟೆಗೆ ತಲಪಬಹುದು. 2023ರಲ್ಲಿ ಆರಂಭವಾದ ಜಲ ಮೆಟ್ರೋದ ವಿದ್ಯುತ್ ದೋಣಿಗಳೂ ಈಗ ಈ ಹಿನ್ನೀರಿನಲ್ಲಿ ಸದ್ದಿಲ್ಲದೆ ಸಂಚರಿಸುತ್ತವೆ. ಬಲಗಡೆ ತೆಂಗಿನ ಮರಗಳ ನಡುವೆ ಬೋಳ್ಗಾಟ್ಟಿ ದ್ವೀಪ. ಅಲ್ಲಿರುವ ಅರಮನೆ ಡಚ್ಚರು 1744ರಲ್ಲಿ ಕಟ್ಟಿಸಿದ್ದು. ಅದರಾಚೆಗೆ ವಲ್ಲಾರ್‌ಪಾಡಂ, 2011ರಿಂದ ದೈತ್ಯಾಕಾರದ ಎತ್ತುಯಂತ್ರಗಳು ಅಲ್ಲಿ ಉಕ್ಕಿನ ಪೆಟ್ಟಿಗೆಗಳನ್ನು ಹಡಗಿಗೆ ಏರಿಸಿ ಇಳಿಸುತ್ತಿವೆ.

ಎಡಗಡೆ ಕಾಣುವ ವಿಲಿಂಗ್ಡನ್ ದ್ವೀಪದ ಕಥೆ ಸ್ವಾರಸ್ಯಕರವಾದುದು. ಅದರ ಬಹುಭಾಗ ಪ್ರಕೃತಿಯ ಸೃಷ್ಟಿಯಲ್ಲ, ಮನುಷ್ಯನ ಕೈಕೆಲಸ. ಕೊಚ್ಚಿಯ ಅಳಿವೆಗೆ ಅಡ್ಡಲಾಗಿ ನೀರಿನಡಿ ಮರಳಿನ ದಿಬ್ಬವಿದ್ದುದರಿಂದ ದೊಡ್ಡ ಹಡಗುಗಳು ಒಳಗೆ ಬರಲಾರದೆ ಕಡಲಿನಲ್ಲಿಯೇ ಲಂಗರು ಹಾಕಬೇಕಾಗಿತ್ತು. ಸರಕನ್ನು ದೋಣಿಗಳಲ್ಲಿ ಸಾಗಿಸಬೇಕಾಗಿತ್ತು. ಮಳೆಗಾಲದಲ್ಲಂತೂ ಈ ಕೆಲಸ ಪ್ರಾಣಾಪಾಯದ್ದು. 1920ರಲ್ಲಿ ಇಲ್ಲಿಗೆ ಬಂದ ರಾಬರ್ಟ್ ಬ್ರಿಸ್ಟೋ ಎಂಬ ಇಂಗ್ಲಿಷ್ ಎಂಜಿನಿಯರ್ ಆ ದಿಬ್ಬವನ್ನು ಕಡಿದು ಆಳವಾದ ಕಾಲುವೆ ತೆಗೆಸಿದ. ಹೂಳೆತ್ತಿದ ಮಣ್ಣನ್ನು ಹಿನ್ನೀರಿನಲ್ಲಿ ಸುರಿದು ದ್ವೀಪವನ್ನೇ ಕಟ್ಟಿದ. 1928ರ ಮೇ 26ರಂದು 'ಪದ್ಮಾ' ಎಂಬ ಹಬೆಹಡಗು ಆ ಕಾಲುವೆಯ ಮೂಲಕ ಒಳಬಂದರನ್ನು ಪ್ರವೇಶಿಸಿತು. 1341ರಲ್ಲಿ ನದಿ ಆರಂಭಿಸಿದ ಕೆಲಸವನ್ನು ಸುಮಾರು ಆರು ಶತಮಾನಗಳ ತರುವಾಯ ಯಂತ್ರ ಪೂರೈಸಿತೆನ್ನಬೇಕು.

ಚೀನೀ ಬಲೆಗಳ ಸಾಲು

ಫೋರ್ಟ್ ಕೊಚ್ಚಿಯಲ್ಲಿ ದೋಣಿಯಿಂದಿಳಿದು ದಡ ಹಿಡಿದು ನಡೆದರೆ ಮೊದಲು ಕಣ್ಣಿಗೆ ಬೀಳುವುವು ಚೀನೀ ಬಲೆಗಳು. ಮಲೆಯಾಳಿಗಳು ಇವನ್ನು 'ಚೀನವಲ' ಎನ್ನುತ್ತಾರೆ. ತೇಗದ ಮರ ಮತ್ತು ಬಿದಿರಿನ ಚೌಕಟ್ಟಿಗೆ ತೂಗುಹಾಕಿದ ಈ ವಿಶಾಲವಾದ ಬಲೆಗಳು ದೂರದಿಂದ, ರೆಕ್ಕೆ ಬಿಚ್ಚಿ ನೀರಿಗೆ ಬಾಗಿದ ಮಹಾಪಕ್ಷಿಗಳಂತೆ ತೋರುತ್ತವೆ. ಇವುಗಳ ರಚನೆ ಏತವನ್ನು ಕಂಡವರಿಗೆ ಅಪರಿಚಿತವೆನಿಸದು. ಒಂದು ಕಡೆ ಬಲೆಯ ಭಾರ, ಇನ್ನೊಂದು ಕಡೆ ಹಗ್ಗಗಳಿಗೆ ಕಟ್ಟಿದ ಕಲ್ಲುಗುಂಡುಗಳ ಭಾರ. ಒಬ್ಬಾತ ತೊಲೆಯ ಮೇಲೆ ಮೈಭಾರ ಬಿಟ್ಟು ಮುಂದಕ್ಕೆ ನಡೆದರೆ ಸಾಕು, ಬಲೆ ತಾನಾಗಿ ನೀರಿಗಿಳಿಯುತ್ತದೆ. ಕೆಲವು ನಿಮಿಷಗಳ ನಂತರ ನಾಲ್ಕಾರು ಮಂದಿ ಒಟ್ಟಿಗೆ ಹಗ್ಗ ಜಗ್ಗಿ ಅದನ್ನು ಮೇಲೆತ್ತುತ್ತಾರೆ. ಹಗ್ಗಗಳು ಒಂದೇ ಉದ್ದದವಲ್ಲ. ಬಲೆ ಮೇಲೇರಿದಂತೆಲ್ಲ ಕಲ್ಲುಗಳು ಒಂದೊಂದಾಗಿ ಕಟ್ಟೆಯ ಮೇಲೆ ಕುಳಿತುಕೊಳ್ಳುವುದರಿಂದ ತೂಕ ಸರಿದೂಗುತ್ತಲೇ ಇರುತ್ತದೆ. ಎಂಜಿನಿಯರಿಂಗ್ ಶಾಲೆಗಳು ಹುಟ್ಟುವ ಮೊದಲೇ ಮೀನುಗಾರ ಕಂಡುಕೊಂಡ ಗಣಿತವಿದು.

ಚೀನಾದ ನೌಕಾಧಿಪತಿ ಝೆಂಗ್ ಹೆ 15ನೆಯ ಶತಮಾನದ ಆರಂಭದಲ್ಲಿ ಈ ತೀರಕ್ಕೆ ಬಂದಾಗ ಅವನ ಜನ ಈ ವಿದ್ಯೆಯನ್ನು ತಂದರೆಂಬುದು ಊರಿನ ನಂಬಿಕೆ. ಪೋರ್ಚುಗೀಸರ ಕಾಲದಲ್ಲಿ ಮಕಾವಿನಿಂದ ಬಂದಿರಬೇಕೆಂದು ವಾದಿಸುವವರೂ ಇದ್ದಾರೆ. ಬಲೆ ಎಲ್ಲಿಯದಾದರೂ ಇರಲಿ, ಅದನ್ನು ಎಳೆಯುವ ಕೈಗಳ ಪಾಲಿಗೆ ಇಂದು ಕಾಲ ಕಷ್ಟದ್ದು. ಬೆಳಗಿನಿಂದ ಎಳೆದರೂ ಒಮ್ಮೊಮ್ಮೆ ಬಲೆಯಲ್ಲಿ ಒಂದು ಬುಟ್ಟಿ ಮೀನೂ ದೊರೆಯದು. ತೇಗದ ಬೆಲೆ ಏರಿದೆ, ಬಲೆಗಳ ಸಂಖ್ಯೆ ಇಳಿದಿದೆ. ಛಾಯಾಚಿತ್ರಗಳಲ್ಲಿ ಕೊಚ್ಚಿಯ ಲಾಂಛನವೇ ಆಗಿಬಿಟ್ಟಿರುವ ಈ ಬಲೆಗಳು ಮುಂದೆಯೂ ನಿಲ್ಲಬೇಕಾದರೆ ನೋಡುವ ಕಣ್ಣುಗಳಷ್ಟೇ ಸಾಲವು.

ಗಾಮನ ಬರಿದಾದ ಸಮಾಧಿ

ಪೋರ್ಚುಗೀಸ್ ನಾವಿಕ ಕಬ್ರಾಲ್ 1500ರ ಡಿಸೆಂಬರಿನಲ್ಲಿ ಕೊಚ್ಚಿಗೆ ಬಂದಾಗ, ಇಲ್ಲಿಯ ಅರಸನಿಗೂ ಕಲ್ಲಿಕೋಟೆಯ ಸಾಮೂದಿರಿಗೂ ಹಗೆತನವಿತ್ತು. ಬಲಿಷ್ಠನಾದ ಸಾಮೂದಿರಿಯಿಂದ ಪಾರಾಗಲು ಕೊಚ್ಚಿಯ ಅರಸ ಈ ಹೊಸಬರ ಕೈಹಿಡಿದ. 1503ರಲ್ಲಿ ಅವರಿಗೆ ಕೋಟೆ ಕಟ್ಟಲು ಸ್ಥಳ ದೊರೆಯಿತು. ತಮ್ಮ ದೊರೆ ಮನುಯೆಲನ ಹೆಸರನ್ನು ಅವರು ಆ ಕೋಟೆಗಿಟ್ಟರು. ಗೋವೆ ರಾಜಧಾನಿಯಾದದ್ದು 1530ರಲ್ಲಿ. ಅಲ್ಲಿಯವರೆಗೆ ಪೋರ್ಚುಗೀಸರ ಪೂರ್ವದೇಶದ ಆಡಳಿತ ನಡೆದದ್ದು ಈ ಕೊಚ್ಚಿಯಿಂದ. ನೆಂಟನಾಗಿ ಬಂದವನು ಯಜಮಾನನಾಗಿ ಕುಳಿತ ಕಥೆಯ ಮೊದಲ ಅಧ್ಯಾಯ ಇದು.

ಬಲೆಗಳಿಂದ ಕೂಗಳತೆಯ ದೂರದಲ್ಲಿರುವ ಸಂತ ಫ್ರಾನ್ಸಿಸರ ಇಗರ್ಜಿ ಆ ಕಾಲದ್ದು. ಮೊದಲು ಮರದಲ್ಲಿದ್ದು, 1516ರ ಹೊತ್ತಿಗೆ ಕಲ್ಲಿನಲ್ಲಿ ಪೂರ್ಣಗೊಂಡ ಈ ಕಟ್ಟಡ, ಐರೋಪ್ಯರು ಭಾರತದಲ್ಲಿ ಕಟ್ಟಿದ ಅತ್ಯಂತ ಹಳೆಯ ಇಗರ್ಜಿಗಳಲ್ಲೊಂದು. ಒಳಗೆ ಆಡಂಬರವಿಲ್ಲ. ಎತ್ತರದ ಮರದ ಮಾಡು, ಉದ್ದುದ್ದ ಬಟ್ಟೆಯ ಬೀಸಣಿಗೆಗಳು. ಅವುಗಳ ಹಗ್ಗವನ್ನು ಹೊರಗೆ ನಿಂತ ಆಳುಗಳು ಎಳೆಯುತ್ತಿದ್ದ ಕಾಲವಿತ್ತು. ಬಲಬದಿಯಲ್ಲಿ ಕಟಕಟೆ ಹಾಕಿದ ಒಂದು ನೆಲಗಲ್ಲು ಕಾಣುತ್ತದೆ. ವಾಸ್ಕೋ ಡ ಗಾಮ ಮೂರನೆಯ ಬಾರಿ ಭಾರತಕ್ಕೆ, ಈ ಸಲ ವೈಸರಾಯ್ ಆಗಿ, ಬಂದು ಕೆಲವೇ ತಿಂಗಳುಗಳಲ್ಲಿ, 1524ರ ಡಿಸೆಂಬರ್ 24ರಂದು, ಕೊಚ್ಚಿಯಲ್ಲಿ ತೀರಿಕೊಂಡ. ಆತನನ್ನು ಮಣ್ಣುಮಾಡಿದ್ದು ಇಲ್ಲಿ. 1539ರಲ್ಲಿ ಅವನ ಅಸ್ಥಿಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಕಟಕಟೆಯೊಳಗೆ ಈಗ ಇರುವುದು ಬರಿಯ ಕಲ್ಲು, ಮತ್ತು ಒಂದು ಹೆಸರು.

ಈ ಒಂದೇ ಇಗರ್ಜಿ ಮೂರು ಸಾಮ್ರಾಜ್ಯಗಳ ಕೈ ದಾಟಿದೆ. 1663ರಲ್ಲಿ ಡಚ್ಚರು ಕೊಚ್ಚಿಯನ್ನು ಗೆದ್ದಾಗ ಕ್ಯಾಥೊಲಿಕರ ಇಗರ್ಜಿ ಪ್ರಾಟೆಸ್ಟೆಂಟರದಾಯಿತು. 1795ರಲ್ಲಿ ಇಂಗ್ಲಿಷರು ಬಂದ ಮೇಲೆ ಆಂಗ್ಲಿಕನರದಾಯಿತು. ಇಂದು ದಕ್ಷಿಣ ಭಾರತ ಸಭೆಗೆ ಸೇರಿದೆ. ಹಿಂದೆ ನೆಲದಲ್ಲಿದ್ದ ಗೋರಿಗಲ್ಲುಗಳನ್ನು ಎತ್ತಿ ಗೋಡೆಗೆ ನಿಲ್ಲಿಸಿದ್ದಾರೆ: ಒಂದು ಗೋಡೆಗೆ ಪೋರ್ಚುಗೀಸರವು, ಇನ್ನೊಂದು ಗೋಡೆಗೆ ಡಚ್ಚರವು. ಬದುಕಿದ್ದಾಗ ಫಿರಂಗಿಗಳ ಮೂಲಕ ಮಾತನಾಡಿದವರು ಇಲ್ಲಿ ಮಾತಿಲ್ಲದೆ ಎದುರುಬದುರಾಗಿ ನಿಂತಿದ್ದಾರೆ.

ಕೋಟೆಯಾದರೋ ಇನ್ನಿಲ್ಲ. 1806ರಲ್ಲಿ ಇಂಗ್ಲಿಷರು ಅದರ ಗೋಡೆಗಳನ್ನು ಮದ್ದು ಸಿಡಿಸಿ ಕೆಡವಿದರು. ಕಡಲ ದಂಡೆಯಲ್ಲಿ ಅಲ್ಲಲ್ಲಿ ಉಳಿದ ಕಲ್ಲುಗಳ ಮೇಲೆ ಮಕ್ಕಳು ಕುಳಿತು ಕಡಲೆಕಾಯಿ ತಿನ್ನುತ್ತಾರೆ. ಸಮೀಪದಲ್ಲಿ 1724ರ ಡಚ್ ಸ್ಮಶಾನವಿದೆ. ಅಲ್ಲಿಂದ ಊರೊಳಗೆ ತಿರುಗಿದರೆ 1905ರಲ್ಲಿ ಪ್ರತಿಷ್ಠೆಗೊಂಡ ಸಾಂತಾ ಕ್ರೂಜ್ ಇಗರ್ಜಿಯ ಅವಳಿ ಗೋಪುರಗಳು ಕಾಣುತ್ತವೆ. 2012ರಿಂದ ಕೊಚ್ಚಿ-ಮುಜಿರಿಸ್ ಬಿಯೆನಾಲೆ ಎಂಬ ಕಲಾಮೇಳ ಈ ಹಳೆಯ ದಾಸ್ತಾನುಮಳಿಗೆಗಳಲ್ಲಿ ನಡೆಯುತ್ತ ಬಂದಿದೆ. ಮೆಣಸಿನ ಮೂಟೆಗಳಿದ್ದ ಗೋಡೆಗಳಿಗೆ ಚಿತ್ರಗಳು ಬಂದಿವೆ.

ಡಚ್ಚರ ಹೆಸರಿನ ಅರಮನೆ

ಮಧ್ಯಾಹ್ನದ ಊಟದ ತರುವಾಯ ಮಟ್ಟಾಂಚೇರಿಗೆ ಹೋಗಬೇಕು. ಆಟೋರಿಕ್ಷಾದಲ್ಲಿ ಹತ್ತು ನಿಮಿಷದ ಹಾದಿ. ಅಲ್ಲಿಯ 'ಡಚ್ ಅರಮನೆ' ಡಚ್ಚರು ಕಟ್ಟಿದ್ದಲ್ಲ. 16ನೆಯ ಶತಮಾನದ ನಡುವಿನಲ್ಲಿ ಪೋರ್ಚುಗೀಸರು ಅದನ್ನು ಕಟ್ಟಿ ಕೊಚ್ಚಿಯ ಅರಸನಿಗೆ ಕಾಣಿಕೆಯಾಗಿ ಒಪ್ಪಿಸಿದರು. ಡಚ್ಚರು ಮಾಡಿದ್ದು ಜೀರ್ಣೋದ್ಧಾರ. ಹೆಸರು ಮಾತ್ರ ಅವರಿಗೆ ಉಳಿಯಿತು. ಮೈಸೂರಿನ ಅರಮನೆಯ ವೈಭವವನ್ನು ಕಂಡ ಕಣ್ಣಿಗೆ ಇದು ಸಿರಿವಂತರ ಒಂದು ತೊಟ್ಟಿಮನೆಯಂತೆ ತೋರೀತು. ನಡುವಣ ಅಂಗಳದಲ್ಲಿ ಅರಸು ಮನೆತನದ ಕುಲದೇವತೆಯಾದ ಪಳಯನ್ನೂರು ಭಗವತಿಯ ಗುಡಿ, ಸುತ್ತಲೂ ಎರಡು ಅಂತಸ್ತಿನ ತೊಟ್ಟಿ. ಕರಿಯ ಅಮೃತಶಿಲೆಯಂತೆ ಹೊಳೆಯುವ ನೆಲ ಶಿಲೆಯಲ್ಲವಂತೆ; ಸುಟ್ಟ ತೆಂಗಿನ ಚಿಪ್ಪು, ಇದ್ದಿಲು, ಸುಣ್ಣ, ಗಿಡಗಳ ರಸ, ಮೊಟ್ಟೆಯ ಬಿಳಿ, ಇವುಗಳ ಗಾರೆಯಂತೆ.

ಈ ಅರಮನೆಯ ನಿಜವಾದ ಐಶ್ವರ್ಯ ಗೋಡೆಗಳ ಮೇಲಿದೆ. ಅರಸನ ಶಯನಗೃಹದ ಗೋಡೆಗಳ ಮೇಲೆ ಸಂಪೂರ್ಣ ರಾಮಾಯಣ! ಕಾವಿ, ಹಳದಿ, ಹಸುರು ಬಣ್ಣಗಳಲ್ಲಿ ಆಕೃತಿಗಳು ಒಂದರ ಪಕ್ಕದಲ್ಲೊಂದು ಎಡೆಯಿಲ್ಲದಂತೆ ತುಂಬಿಕೊಂಡಿವೆ. ಅರಳಿದ ಕಣ್ಣು, ಭಾರವಾದ ಕಿರೀಟ, ತುಂಬಿದ ಕೆನ್ನೆ. ಕಥಕ್ಕಳಿಯನ್ನೋ ಯಕ್ಷಗಾನವನ್ನೋ ಕಂಡವರಿಗೆ ಈ ಮುಖಗಳು ಹೊಸವಲ್ಲ. ಪರದೇಶದವರು ಕಟ್ಟಿಕೊಟ್ಟ ಗೋಡೆಗಳನ್ನು ಅರಸರು ತಮ್ಮ ದೇವರುಗಳಿಂದ ತುಂಬಿಸಿ ತಮ್ಮದನ್ನಾಗಿ ಮಾಡಿಕೊಂಡರು.

ಯಹೂದ್ಯರ ಬೀದಿ

ಅರಮನೆಯ ಬೆನ್ನಿಗೇ ಹೊಂದಿಕೊಂಡಂತೆ ಯಹೂದ್ಯರ ಪ್ರಾರ್ಥನಾಮಂದಿರವಿದೆ. 1568ರಲ್ಲಿ ಅದನ್ನು ಕಟ್ಟಲು ಕೊಚ್ಚಿಯ ಅರಸ ಕೊಟ್ಟ ಸ್ಥಳ ಊರಾಚೆಯದಲ್ಲ. ತನ್ನ ಅರಮನೆಯ, ತನ್ನ ದೇವರ ಗುಡಿಯ ಪಕ್ಕದ್ದು. ಯಹೂದ್ಯರು ಮಲೆಯಾಳ ದೇಶಕ್ಕೆ ಬಂದದ್ದು ಇದಕ್ಕೂ ಬಹಳ ಹಿಂದೆ. ಸುಮಾರು 1000ನೆಯ ಇಸವಿಯಲ್ಲಿ ಚೇರ ದೊರೆ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ 72 ಹಕ್ಕುಗಳನ್ನು ದಯಪಾಲಿಸಿದ ತಾಮ್ರಶಾಸನ ಇಂದಿಗೂ ಇದೆ. ಹಗಲು ದೀವಟಿಗೆ, ಕೊಡೆ, ಪಲ್ಲಕ್ಕಿ, ನಗಾರಿ, ಕಹಳೆಗಳ ಗೌರವ ಅವುಗಳಲ್ಲಿ ಸೇರಿತ್ತು.

ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ನೆಲವೇ ಮೊದಲು ಕಣ್ಸೆಳೆಯುತ್ತದೆ. 18ನೆಯ ಶತಮಾನದಲ್ಲಿ ಚೀನಾದಿಂದ ತರಿಸಿದ, ನೀಲಿ ಬಣ್ಣದಲ್ಲಿ ಕೈಯಿಂದಲೇ ಚಿತ್ರ ಬರೆದ ಬಿಳಿಯ ಹಾಸುಬಿಲ್ಲೆಗಳು. ಒಂದರಂತೆ ಇನ್ನೊಂದಿಲ್ಲವೆಂಬುದು ಪ್ರತೀತಿ. ಮೇಲೆ ಬೆಲ್ಜಿಯಂ ಗಾಜಿನ ದೀಪಗುಚ್ಛಗಳು, ನಡುವೆ ಹಿತ್ತಾಳೆಯ ಕಂಬಿಗಳಿಂದಾವೃತವಾದ ವೇದಿಕೆ. ಹೊರಗೆ 1760ರ ಗಡಿಯಾರ ಗೋಪುರ. ಈ ಮಂದಿರ ಸುಖವಾಗಿ ಬಾಳಲಿಲ್ಲ. ಡಚ್ಚರಿಗೆ ನೆರವಾದರೆಂದು ಮುನಿದ ಪೋರ್ಚುಗೀಸರು 1662ರಲ್ಲಿ ಇದನ್ನು ಹಾಳುಗೆಡವಿದರು. ಮರುವರ್ಷ ಪೋರ್ಚುಗೀಸರೇ ಸೋತರು. ಮಂದಿರ ಮತ್ತೆ ಎದ್ದಿತು. 1968ರಲ್ಲಿ ಅದಕ್ಕೆ ನಾನೂರು ವರ್ಷ ತುಂಬಿದಾಗ ಪ್ರಧಾನಮಂತ್ರಿ ಇಂದಿರಾ ಗಾಂಧಿಯವರು ಉತ್ಸವಕ್ಕೆ ಬಂದರು. ಅಂಚೆ ಇಲಾಖೆ ಚೀಟಿಯನ್ನು ಹೊರಡಿಸಿತು.

ಆ ಹೊತ್ತಿಗಾಗಲೇ ಮಂದಿ ಕರಗುತ್ತಿದ್ದರು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಕೇರಳದ ಎರಡು ಸಾವಿರಕ್ಕೂ ಹೆಚ್ಚಿನ ಯಹೂದ್ಯರಲ್ಲಿ ಬಹುತೇಕರು 1950ರ ದಶಕದಲ್ಲಿ ಹೊರಟುಹೋದರು. ಯಾರೂ ಅವರನ್ನು ಅಟ್ಟಲಿಲ್ಲ. ಸಾವಿರಾರು ವರ್ಷ ಪ್ರಾರ್ಥನೆಯಲ್ಲಿ ನೆನೆದ ನಾಡು ಕರೆಯಿತು, ಹೋದರು. ಅವರ ಇನ್ನೊಂದು ಮಂದಿರವಾದ ಕಡವುಂಭಾಗದ ಮರಗೆತ್ತನೆಯ ಒಳಭಾಗವೂ 1990ರ ದಶಕದಲ್ಲಿ ಅವರನ್ನು ಹಿಂಬಾಲಿಸಿ ಜೆರುಸಲೇಮಿನ ವಸ್ತುಸಂಗ್ರಹಾಲಯವನ್ನು ಸೇರಿತು. ಯಹೂದ್ಯರ ಸಾಮೂಹಿಕ ಪ್ರಾರ್ಥನೆಗೆ ಹತ್ತು ಮಂದಿ ವಯಸ್ಕ ಪುರುಷರು ಕೂಡಬೇಕೆಂಬ ನಿಯಮವುಂಟು. ಮಟ್ಟಾಂಚೇರಿಯ ಬೀದಿಯಲ್ಲಿ ಆ ಹತ್ತು ಮಂದಿ ಈಗ ಇಲ್ಲ. ಪರಸ್ಥಳದವರು ಬಂದು ಸೇರಿದರೆ ಮಾತ್ರ ಪ್ರಾರ್ಥನೆ. ನೆಲದ ನೀಲಿ ಮಾಸಿಲ್ಲ, ಹಿತ್ತಾಳೆ ಮಂಕಾಗಿಲ್ಲ, ಟಿಕೆಟು ಕೊಂಡು ಬರುವವರ ಸಾಲು ಕರಗುವುದಿಲ್ಲ. ಆದರೆ ಯಾವ ಧ್ವನಿಗಾಗಿ ಅದನ್ನು ಕಟ್ಟಿದರೋ ಆ ಧ್ವನಿ ಅಲ್ಲಿ ಕೇಳುವುದು ಅಪರೂಪ.

ಬೀದಿಯಲ್ಲಿ ಶುಂಠಿ, ಏಲಕ್ಕಿ, ಲವಂಗಗಳ ಘಮಲು. ಮೆಣಸಿನ ವಾಯಿದೆ ವ್ಯಾಪಾರಕ್ಕಾಗಿ 1957ರಲ್ಲಿ ಇಲ್ಲಿಯೇ ವರ್ತಕರ ಸಂಘವೊಂದು ಸ್ಥಾಪಿತವಾಯಿತು. ವರ್ತಕರು ಕೂಗಿ ಕೂಗಿ ಬೆಲೆ ಕಟ್ಟುತ್ತಿದ್ದ ಆ ಗದ್ದಲ ಗಣಕಯಂತ್ರ ಬಂದ ಮೇಲೆ ಅಡಗಿತು. ಮೆಣಸಿನ ಮಾತು ಬಂದಾಗ ಕನ್ನಡಿಗನಿಗೆ ತನ್ನ ಕರಾವಳಿಯೂ ನೆನಪಾಗದಿರದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು. ಬಸರೂರು, ಮಂಗಳೂರುಗಳ ಅಕ್ಕಿ ಆ ಕಾಲದಲ್ಲಿ ಹಡಗೇರಿ ಮಲೆಯಾಳದ ತೀರಕ್ಕೆ ಹೋಗುತ್ತಿತ್ತು. ಮೆಣಸನ್ನು ಹುಡುಕಿ ಬಂದ ಪೋರ್ಚುಗೀಸರೇ ಅಮೆರಿಕ ಖಂಡದ ಒಂದು ಖಾರದ ಕಾಯಿಯನ್ನು ಇಲ್ಲಿಗೆ ತಂದರು. ಕನ್ನಡ ಭಾಷೆ ಆ ಹೊಸ ಕಾಯಿಗೆ ಹಳೆಯ ಕಾಳಿನ ಹೆಸರನ್ನೇ ಇಟ್ಟು ಮೆಣಸಿನಕಾಯಿ ಎಂದಿತು. ಒಯ್ದದ್ದರ ನೆನಪೂ ತಂದದ್ದರ ಗುರುತೂ ಒಂದೇ ಪದದಲ್ಲಿ ಉಳಿದಿವೆ.

ಕೊಂಕಣಿಗರ ತಿರುಮಲ

ಸಂಜೆಯ ಹೊತ್ತಿಗೆ ಪ್ರವಾಸಿ ಚೆರಳಾಯಿಗೆ ನಡೆಯಬೇಕು. ಅಲ್ಲಿ ಗೌಡ ಸಾರಸ್ವತರ ತಿರುಮಲ ದೇವಸ್ವಂ ಎಂಬ ವೆಂಕಟರಮಣನ ದೇವಾಲಯವಿದೆ. 16ನೆಯ ಶತಮಾನದಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಮತಪೀಡನೆಗೆ ಅಂಜಿ ಊರು ಬಿಟ್ಟ ಕೊಂಕಣಿಗರಲ್ಲಿ ಒಂದು ಪಂಗಡ ನಮ್ಮ ಕರಾವಳಿಯಲ್ಲಿ ನೆಲಸಿತು, ಇನ್ನೊಂದು ಕೊಚ್ಚಿಗಿಳಿಯಿತು. 1599ರಲ್ಲಿ ಇಲ್ಲಿ ದೇವರ ಪ್ರತಿಷ್ಠೆಯಾಯಿತು. ಆ ಮೂರ್ತಿ ವಿಜಯನಗರದಿಂದ ಬಂದುದೆಂದು ಸಂಪ್ರದಾಯ. ಪೋರ್ಚುಗೀಸರಿಗೆ ಹೆದರಿ ಓಡಿಬಂದವರಿಗೆ ಪೋರ್ಚುಗೀಸರ ಕೋಟೆಯ ಮಗ್ಗುಲಲ್ಲಿಯೇ ಹಿಂದೂ ಅರಸನ ನೆರಳು ದೊರೆತದ್ದು ವಿಧಿಯ ವಿನೋದ!

ಡಚ್ ಅಧಿಕಾರಿ ವ್ಯಾನ್ ರೀಡ್ ಮಲೆಯಾಳದ ಗಿಡಮೂಲಿಕೆಗಳನ್ನು ಕುರಿತು ಮಾಡಿಸಿದ 'ಹಾರ್ಟಸ್ ಮಲಬಾರಿಕಸ್' ಎಂಬ 12 ಸಂಪುಟಗಳ ಮಹಾಗ್ರಂಥ 1678ರಿಂದ 1693ರವರೆಗೆ ಆಮ್ಸ್‌ಟರ್‌ಡಾಮಿನಲ್ಲಿ ಅಚ್ಚಾಯಿತು. ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯನೊಡನೆ ಅದಕ್ಕೆ ವಿದ್ಯೆಯನ್ನು ಧಾರೆಯೆರೆದವರು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಮೂವರು ಕೊಂಕಣಿ ವಿದ್ವಾಂಸರು. ನಾಗರಿ ಲಿಪಿಯಲ್ಲಿ ಅವರು ಬರೆದುಕೊಟ್ಟ ಪ್ರಮಾಣಪತ್ರವನ್ನು ಗ್ರಂಥದ ಮೊದಲಲ್ಲಿ ಇಂದಿಗೂ ಓದಬಹುದು. ನಿರಾಶ್ರಿತರ ಮಕ್ಕಳು ಮೊಮ್ಮಕ್ಕಳು ಆಶ್ರಯದ ಋಣವನ್ನು ಹೀಗೆ ತೀರಿಸಿದರು.

ಆ ಆಶ್ರಯವಾದರೂ ಎಂದೂ ಕದಡದೆ ಇರಲಿಲ್ಲ. 18ನೆಯ ಶತಮಾನದ ಕೊನೆಯಲ್ಲಿ, ಶಕ್ತನ್ ತಂಬುರಾನನ ಆಳ್ವಿಕೆಯಲ್ಲಿ, ಅರಮನೆಗೂ ಕೊಂಕಣಿಗರಿಗೂ ತೀವ್ರ ವಿರಸವುಂಟಾಯಿತು. ಅವರಲ್ಲಿ ಅನೇಕರು ದೇವರನ್ನೂ ಹೊತ್ತುಕೊಂಡು ತಿರುವಾಂಕೂರಿನ ಆಲಪ್ಪುಳಕ್ಕೆ ಹೊರಟುಹೋದರು. ಮೂರ್ತಿ ಹಿಂದಿರುಗಿದ್ದು 1853ರಲ್ಲಿ. ದೇವರಿಗೂ ವಲಸೆ ತಪ್ಪಲಿಲ್ಲ. ಆದರೆ ಮರಳಿ ಬಂದಾಗ ಬರಮಾಡಿಕೊಳ್ಳಲು ಜನ ಇಲ್ಲಿದ್ದರು. ಇಂದು ಸಂಜೆಯ ದೀಪದ ಹೊತ್ತಿಗೆ ಆವರಣದಲ್ಲಿ ಕೊಂಕಣಿಯ ಕಲರವ ಕೇಳುತ್ತದೆ. ಮಂಗಳೂರಿನ ರಥಬೀದಿಯಿಂದ ಬಂದವರಿಗೆ ಇದು ಪರಸ್ಥಳವೆಂದೇ ಅನ್ನಿಸದು.

ಮರಳುವ ದೋಣಿ

ಒಂದು ಮಾತು ಪ್ರವಾಸಿಗಳ ಅನುಕೂಲಕ್ಕಾಗಿ: ಅರಮನೆಗೆ ಶುಕ್ರವಾರ ರಜೆ, ಯಹೂದ್ಯರ ಮಂದಿರಕ್ಕೆ ಅವರ ಸಬ್ಬತ್ ದಿನವಾದ ಶನಿವಾರ ರಜೆ. ಕೇರಳದ ಸೆಕೆ ಬಲು ಉಗ್ರ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಹಿತಕರ. ಮಕ್ಕಳನ್ನು ಕರೆದೊಯ್ಯುವವರು ಬಲೆಗಳನ್ನು ಬೆಳಗ್ಗೆಯೇ ತೋರಿಸುವುದು ಲೇಸು.

ರಾತ್ರಿಯ ದೋಣಿಯಲ್ಲಿ ಎರ್ಣಾಕುಳಕ್ಕೆ ಹಿಂದಿರುಗುವಾಗ ವಲ್ಲಾರ್‌ಪಾಡಂ ಬಂದರಿನ ದೀಪಗಳು ನೀರಿನಲ್ಲಿ ನಡುಗುತ್ತಿರುತ್ತವೆ. ಫಿರಂಗಿ ಹಿಡಿದು ಬಂದ ಮೂವರೂ ಹೋದರು. ಅವರ ಕೋಟೆ ಪುಡಿಯಾಯಿತು, ಇಗರ್ಜಿಯಲ್ಲಿ ಈ ನೆಲದ ಜನ ಪ್ರಾರ್ಥಿಸುತ್ತಿದ್ದಾರೆ. ಆಶ್ರಯ ಬೇಡಿ ಬಂದ ಇಬ್ಬರಲ್ಲಿ ಒಬ್ಬರು ಮನೆಯ ಕರೆಗೆ ಓಗೊಟ್ಟು ಹೊರಟರು, ಇನ್ನೊಬ್ಬರು ಇದನ್ನೇ ಮನೆ ಮಾಡಿಕೊಂಡರು. ಹಳೆಯ ಕಟ್ಟಡವೊಂದನ್ನು ಕಾಪಾಡಲು ಸರಕಾರದ ಇಲಾಖೆಗೆ ಸಾಧ್ಯ; ಸುಣ್ಣ ಬಳಿದು, ಬೀಗ ಹಾಕಿ, ಕಾವಲಿಟ್ಟರಾಯಿತು. ಅದರೊಳಗಿನ ದೀಪವನ್ನು ದಿನವೂ ಹಚ್ಚುವವರನ್ನು ಯಾವ ಇಲಾಖೆಯೂ ಕೊಡಲಾರದು. ನಮ್ಮ ನಮ್ಮ ಊರುಗಳಲ್ಲಿಯೂ ಬಾಗಿಲು ಮುಚ್ಚಿದ ಬಸದಿಗಳಿವೆ, ಪೂಜೆಯಿಲ್ಲದ ಗುಡಿಗಳಿವೆ, ಕುಡಿಗಳೆಲ್ಲ ಪಟ್ಟಣ ಸೇರಿದ ಮೇಲೆ ಮುದುಕರಷ್ಟೇ ಉಳಿದ ಅಗ್ರಹಾರಗಳಿವೆ. ಮಟ್ಟಾಂಚೇರಿಯ ನೀಲಿ ನೆಲವನ್ನು ಕಂಡು ಬಂದವರು ಅವುಗಳ ಮುಂದೆ ಹಾದುಹೋಗುವಾಗ ಒಂದು ಕ್ಷಣ ನಿಲ್ಲದಿರಲಾರರು.